ಎಟೊರೆ ಬುಗಾಟಿ

ಎಟೊರೆ ಬುಗಾಟಿ (ಪೂರ್ಣ ಹೆಸರು ಎಟೊರೆ ಆರ್ಕೊ ಇಸಿಡೊರೊ ಬುಗಾಟಿ, 15 ಸೆಪ್ಟೆಂಬರ್ 1881 – 21 ಆಗಸ್ಟ್ 1947) ಇಟಲಿಯಲ್ಲಿ ಜನಿಸಿ ಫ್ರಾನ್ಸಿನಲ್ಲಿ ಪ್ರಸಿದ್ಧಿಗೆ ಬಂದ ಮೋಟಾರು ವಾಹನ ವಿನ್ಯಾಸಕರು ಹಾಗೂ ಉದ್ಯಮಿ. 1909ರಲ್ಲಿ ಅಲ್ಸಾಸ್ ಪ್ರಾಂತ್ಯದ ಮೋಲ್ಸೈಮ್ ಎಂಬ ಊರಿನಲ್ಲಿ ತಮ್ಮದೇ ಹೆಸರಿನ ಕಾರ್ಖಾನೆಯನ್ನು ಸ್ಥಾಪಿಸಿ, ವೇಗ ಮತ್ತು ಸೊಬಗು ಎರಡಕ್ಕೂ ಹೆಸರಾದ ಐಷಾರಾಮಿ ಕ್ರೀಡಾ ಕಾರುಗಳನ್ನು ನಿರ್ಮಿಸಿದರು. ಇವರ ಜೀವಿತಾವಧಿಯಲ್ಲಿ ತಯಾರಾದ ಕಾರುಗಳ ಒಟ್ಟು ಸಂಖ್ಯೆ ಎಂಟು ಸಾವಿರದಷ್ಟು ಮಾತ್ರ. ಹೊಸದಾಗಿದ್ದಾಗ ಕೊಳ್ಳುವವರಿಲ್ಲದೆ ಉಳಿದ ಇವರ ಕೆಲವು ಕಾರುಗಳು ಹಳೆಯದಾದ ಮೇಲೆ ಜಗತ್ತಿನ ಅತ್ಯಂತ ಬೆಲೆಬಾಳುವ ವಾಹನಗಳ ಸಾಲಿಗೆ ಸೇರಿದವು. ಆದ್ದರಿಂದ ಬುಗಾಟಿಯವರ ಜೀವನಚರಿತ್ರೆಯು ಹೊಸ ಕಾರು ಮತ್ತು ಬಳಸಿದ ಕಾರುಗಳ ಬೆಲೆಯನ್ನು ಕುರಿತ ಚರ್ಚೆಗಳಲ್ಲಿಯೂ ಪ್ರಸ್ತಾಪವಾಗುತ್ತದೆ.

ಜನನ ಮತ್ತು ಮನೆತನ

ಎಟೊರೆ ಬುಗಾಟಿಯವರು ಇಟಲಿಯ ಮಿಲಾನ್ ನಗರದಲ್ಲಿ ಕಲಾವಿದರ ಮನೆತನವೊಂದರಲ್ಲಿ ಜನಿಸಿದರು. ತಂದೆ ಕಾರ್ಲೊ ಬುಗಾಟಿಯವರು ಪೀಠೋಪಕರಣ ಮತ್ತು ಆಭರಣಗಳ ವಿನ್ಯಾಸಕ್ಕೆ ಯುರೋಪಿನಾದ್ಯಂತ ಹೆಸರಾಗಿದ್ದರು. ತಾಯಿ ತೆರೇಸಾ ಲೊರಿಯೊಲಿ. ಪ್ರಸಿದ್ಧ ಚಿತ್ರಕಾರ ಜೊವಾನ್ನಿ ಸೆಗಾಂಟಿನಿಯವರು ಇವರ ಸೋದರತ್ತೆಯ ಪತಿ. ತಮ್ಮ ರೆಂಬ್ರಾಂಟ್ ಬುಗಾಟಿ ಪ್ರಾಣಿಗಳ ಕಂಚಿನ ಶಿಲ್ಪಗಳನ್ನು ರಚಿಸಿ ಕೀರ್ತಿ ಗಳಿಸಿ, 1916ರಲ್ಲಿ ಪ್ಯಾರಿಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ಮನೆಯಲ್ಲಿ ಎಟೊರೆಯವರನ್ನೂ ಕಲಾವಿದರನ್ನಾಗಿಸುವ ಅಪೇಕ್ಷೆಯಿತ್ತು. ಆದರೆ ಅವರ ಒಲವು ಯಂತ್ರಗಳ ಕಡೆಗೆ ತಿರುಗಿತು. ಎಂಜಿನಿಯರಿಂಗ್ ವಿಷಯದಲ್ಲಿ ಅವರು ಶಾಸ್ತ್ರೀಯ ಶಿಕ್ಷಣವನ್ನು ಪಡೆದವರಲ್ಲ. ಎಂಜಿನ್ನಿನ ಹೊರಮೈಯನ್ನು ಚಚ್ಚೌಕವಾಗಿ, ನಯವಾಗಿ ರೂಪಿಸಿ, ಕಣ್ಣಿಗೆ ಕಾಣದ ಭಾಗಗಳನ್ನೂ ಕೈಯಿಂದ ಒಪ್ಪವಿಡುವ ಅವರ ಪದ್ಧತಿಯಲ್ಲಿ ಮನೆತನದ ಕಲಾಸಂಸ್ಕಾರವನ್ನು ಗುರುತಿಸಬಹುದು. ಕುದುರೆಗಳ ಮೇಲೆ ಅವರಿಗೆ ಅಪಾರ ಪ್ರೀತಿಯಿತ್ತು. ಶುದ್ಧ ತಳಿಯ ಕುದುರೆ ಎಂಬ ಅರ್ಥದ ಫ್ರೆಂಚ್ ಪದವಾದ ಪುರ್ ಸಾಂಗ್ ಎಂಬುದನ್ನು ಅವರು ತಮ್ಮ ಕಾರುಗಳಿಗೂ ಬಳಸುತ್ತಿದ್ದರು. ಬುಗಾಟಿ ಕಾರುಗಳ ಮುಂಭಾಗದಲ್ಲಿ ಕಾಣುವ ರೇಡಿಯೇಟರಿನ ಆಕೃತಿ ಕುದುರೆಲಾಳವನ್ನು ಹೋಲುತ್ತದೆ.

ಆರಂಭಿಕ ವೃತ್ತಿಜೀವನ

ಬುಗಾಟಿಯವರು 1898ರ ಸುಮಾರಿಗೆ ಮಿಲಾನಿನ ಪ್ರಿನೆಟ್ಟಿ ಮತ್ತು ಸ್ಟುಕ್ಕಿ ಎಂಬ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದರು. ಅಲ್ಲಿ ಎಂಜಿನ್ ಅಳವಡಿಸಿದ ಮೂರು ಗಾಲಿಯ ವಾಹನವನ್ನು ಸಿದ್ಧಪಡಿಸಿ ಪಂದ್ಯಗಳಲ್ಲಿ ಸ್ವತಃ ಓಡಿಸಿದರು. ಅನಂತರ ಗುಲಿನೆಲ್ಲಿ ಸಹೋದರರ ಹಣದ ನೆರವಿನಿಂದ ನಿರ್ಮಿಸಿದ ಕಾರಿಗೆ 1901ರಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಬಹುಮಾನ ದೊರೆಯಿತು.

ಈ ಕಾರನ್ನು ಮೆಚ್ಚಿದ ಡಿ ಡೀಟ್ರಿಶ್ ಸಂಸ್ಥೆಯು ಅಲ್ಸಾಸಿನ ನೀಡರ್‌ಬ್ರಾನ್‌ನಲ್ಲಿದ್ದ ತನ್ನ ಕಾರ್ಖಾನೆಗೆ ಅವರನ್ನು ವಿನ್ಯಾಸಕರಾಗಿ ಕರೆಸಿಕೊಂಡಿತು. 1902ರಲ್ಲಿ ಒಪ್ಪಂದವಾದಾಗ ಎಟೊರೆಯವರು ಇನ್ನೂ ಪ್ರಾಪ್ತ ವಯಸ್ಕರಾಗಿರದ ಕಾರಣ ಅವರ ಪರವಾಗಿ ತಂದೆ ಸಹಿ ಹಾಕಬೇಕಾಯಿತು. ಅಲ್ಲಿಂದ ಮುಂದೆ ಸ್ಟ್ರಾಸ್‌ಬರ್ಗ್‌ನಲ್ಲಿ ಎಮಿಲ್ ಮಾಥಿಸ್ ಅವರೊಡನೆಯೂ, 1907ರಿಂದ ಜರ್ಮನಿಯ ಕಲೋನ್ ನಗರದ ಡಾಯಿಟ್ಸ್ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು. 1907ರಲ್ಲಿ ಬಾರ್ಬರಾ ಮಸ್ಕೆರ್ಪಾ ಅವರನ್ನು ವಿವಾಹವಾದರು. ಇವರಿಗೆ ಲೇಬೆ, ಲಿಡಿಯಾ, ಜ್ಯಾಂ ಮತ್ತು ರೋಲ್ಯಾಂಡ್ ಎಂಬ ನಾಲ್ವರು ಮಕ್ಕಳು.

ಕಲೋನಿನಲ್ಲಿದ್ದಾಗ ಬಿಡುವಿನ ವೇಳೆಯಲ್ಲಿ ತಮ್ಮ ಮನೆಯ ನೆಲಮಾಳಿಗೆಯಲ್ಲಿಯೇ ಚಿಕ್ಕದಾದ, ಹಗುರವಾದ ಕಾರೊಂದನ್ನು ಕಟ್ಟಿದರು. ಟೈಪ್ 10 ಎಂದು ಕರೆಯಲಾದ ಈ ಕಾರು ಅವರ ಮುಂದಿನ ದಾರಿಯನ್ನು ನಿರ್ಧರಿಸಿತು. ದೊಡ್ಡ ಎಂಜಿನ್ ಮತ್ತು ಭಾರವಾದ ಚೌಕಟ್ಟಿನಿಂದ ಮಾತ್ರ ವೇಗ ಸಾಧ್ಯ ಎಂಬ ನಂಬಿಕೆಯಿದ್ದ ಕಾಲದಲ್ಲಿ ಅವರು ಹಗುರ ಕಾರಿನ ಮೇಲೆ ಭರವಸೆಯಿಟ್ಟರು.

ಮೋಲ್ಸೈಮ್ ಕಾರ್ಖಾನೆ

1909ರ ಕೊನೆಯಲ್ಲಿ ಬುಗಾಟಿಯವರು ಸ್ಟ್ರಾಸ್‌ಬರ್ಗ್ ಸಮೀಪದ ಮೋಲ್ಸೈಮ್‌ನಲ್ಲಿ ಪಾಳುಬಿದ್ದಿದ್ದ ಬಣ್ಣದ ಕಾರ್ಖಾನೆಯೊಂದನ್ನು ಪಡೆದು ಸ್ವಂತ ಉದ್ಯಮವನ್ನು ಆರಂಭಿಸಿದರು. ಆಗ ಅಲ್ಸಾಸ್ ಜರ್ಮನಿಯ ಆಳ್ವಿಕೆಯಲ್ಲಿತ್ತು. ಇಲ್ಲಿ ತಯಾರಾದ ಟೈಪ್ 13 ಕಾರು 1911ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ನಡೆದ ಪಂದ್ಯದಲ್ಲಿ ಭಾಗವಹಿಸಿತು. ತನಗಿಂತ ಹಲವು ಪಟ್ಟು ದೊಡ್ಡ ಎಂಜಿನ್ನುಗಳಿದ್ದ ಕಾರುಗಳ ನಡುವೆ ಎರ್ನೆಸ್ಟ್ ಫ್ರೀಡ್ರಿಶ್ ಓಡಿಸಿದ ಈ ಪುಟ್ಟ ಕಾರು ಎರಡನೆಯ ಸ್ಥಾನವನ್ನು ಗಳಿಸಿತು. ಇದೇ ಕಾಲದಲ್ಲಿ ಬುಗಾಟಿಯವರು ಪ್ಯೂಜೊ ಸಂಸ್ಥೆಗಾಗಿ ಬೇಬೆ ಎಂಬ ಸಣ್ಣ ಕಾರಿನ ವಿನ್ಯಾಸವನ್ನೂ ಮಾಡಿಕೊಟ್ಟರು.

ಪ್ರಥಮ ಮಹಾಯುದ್ಧ ಆರಂಭವಾದಾಗ ಬುಗಾಟಿ ಕುಟುಂಬವು ಮೋಲ್ಸೈಮ್ ತೊರೆದು ಮಿಲಾನಿಗೆ, ಅನಂತರ ಪ್ಯಾರಿಸ್ಸಿಗೆ ತೆರಳಿತು. ಅಲ್ಲಿ ಅವರು ವಿಮಾನದ ಎಂಜಿನ್ನುಗಳ ವಿನ್ಯಾಸದಲ್ಲಿ ತೊಡಗಿದರು. ಅವರ 16 ಸಿಲಿಂಡರುಗಳ ಎಂಜಿನ್ನಿನ ತಯಾರಿಕೆಯ ಹಕ್ಕನ್ನು ಅಮೆರಿಕ ಸರ್ಕಾರ ಪಡೆದುಕೊಂಡಿತು. ಯುದ್ಧಾನಂತರ ಅಲ್ಸಾಸ್ ಫ್ರಾನ್ಸಿಗೆ ಸೇರಿತು. ಮೋಲ್ಸೈಮ್‌ಗೆ ಮರಳಿದ ಬುಗಾಟಿಯವರ ಕಾರುಗಳು 1921ರಲ್ಲಿ ಇಟಲಿಯ ಬ್ರೆಶಿಯಾದಲ್ಲಿ ನಡೆದ ಪಂದ್ಯದಲ್ಲಿ ಮೊದಲ ನಾಲ್ಕು ಸ್ಥಾನಗಳನ್ನೂ ಗೆದ್ದವು. ಅಂದಿನಿಂದ ಈ ಮಾದರಿಗೆ ಬ್ರೆಶಿಯಾ ಎಂಬ ಹೆಸರೇ ನಿಂತಿತು.

ಟೈಪ್ 35

1924ರಲ್ಲಿ ಲಿಯೋನ್ ನಗರದ ಗ್ರ್ಯಾನ್ ಪ್ರಿ ಪಂದ್ಯದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಟೈಪ್ 35 ಬುಗಾಟಿಯವರ ಅತ್ಯಂತ ಯಶಸ್ವಿ ಕಾರು. ಸಾಲಾಗಿ ಜೋಡಿಸಿದ ಎಂಟು ಸಿಲಿಂಡರುಗಳ ಎರಡು ಲೀಟರ್ ಎಂಜಿನ್ ಮತ್ತು ಬ್ರೇಕ್ ಡ್ರಮ್ಮಿನೊಂದಿಗೆ ಒಂದಾಗಿ ಎರಕ ಹೊಯ್ದ ಅಲ್ಯೂಮಿನಿಯಂ ಗಾಲಿಗಳು ಇದರ ವಿಶೇಷ. ಮೊದಲ ಪಂದ್ಯದಲ್ಲಿ ಟೈರುಗಳ ದೋಷದಿಂದ ಸೋತರೂ ಮುಂದೆ ಇದರ ವಿವಿಧ ರೂಪಗಳು ಸಾವಿರಕ್ಕೂ ಹೆಚ್ಚು ಗೆಲುವುಗಳನ್ನು ಕಂಡವು. ಸಿಸಿಲಿ ದ್ವೀಪದ ಟಾರ್ಗಾ ಫ್ಲೋರಿಯೊ ಪಂದ್ಯವನ್ನು 1925ರಿಂದ 1929ರವರೆಗೆ ಸತತವಾಗಿ ಐದು ವರ್ಷ ಬುಗಾಟಿ ಕಾರುಗಳೇ ಗೆದ್ದವು. 1929ರಲ್ಲಿ ನಡೆದ ಪ್ರಥಮ ಮೊನಾಕೊ ಗ್ರ್ಯಾನ್ ಪ್ರಿ ಪಂದ್ಯವನ್ನು ವಿಲಿಯಂ ಗ್ರೋವರ್-ವಿಲಿಯಮ್ಸ್ ಅವರು ಟೈಪ್ 35ಬಿ ಕಾರಿನಲ್ಲಿ ಗೆದ್ದರು.

ಈ ಗೆಲುವುಗಳಲ್ಲಿ ದೊಡ್ಡ ಪಾಲು ಕಾರ್ಖಾನೆಯ ತಂಡದ್ದಲ್ಲ, ಸ್ವಂತ ಹಣದಿಂದ ಕಾರು ಕೊಂಡು ಪಂದ್ಯಕ್ಕಿಳಿದ ಗ್ರಾಹಕರದು. ಪಂದ್ಯದ ಕಾರನ್ನು ಕಾರ್ಖಾನೆಯೊಳಗೇ ಇರಿಸಿಕೊಳ್ಳದೆ ಹಣ ಕೊಡಬಲ್ಲ ಯಾರಿಗಾದರೂ ಮಾರುವ ಪದ್ಧತಿಯನ್ನು ಬುಗಾಟಿಯವರು ಅನುಸರಿಸಿದರು. ಜೆಕ್ ದೇಶದ ಎಲಿಷ್ಕಾ ಯುಂಕೋವಾ ಅವರಂತಹ ಮಹಿಳಾ ಚಾಲಕರು ಪುರುಷರಿಗೆ ಸರಿಸಮನಾಗಿ ಸ್ಪರ್ಧಿಸಿದ್ದು ಇಂತಹ ಕಾರುಗಳಲ್ಲಿಯೇ.

ಮಾರಾಟ ಪದ್ಧತಿ ಮತ್ತು ಗ್ರಾಹಕರು

ಆ ಕಾಲದಲ್ಲಿ ಐಷಾರಾಮಿ ಕಾರನ್ನು ಹೊಸದಾಗಿ ಕೊಳ್ಳುವ ಕ್ರಮ ಇಂದಿನಂತಿರಲಿಲ್ಲ. ಅನೇಕ ಸಂದರ್ಭಗಳಲ್ಲಿ ಕಾರ್ಖಾನೆಯಿಂದ ಎಂಜಿನ್ ಸಹಿತವಾದ ಚಾಸಿಯನ್ನು ಮಾತ್ರ ಕೊಂಡು, ಅದರ ಮೇಲಿನ ಒಡಲನ್ನು ಗ್ರಾಹಕರು ತಮಗಿಷ್ಟವಾದ ಬಾಡಿ ನಿರ್ಮಾಪಕರಿಂದ ಕಟ್ಟಿಸಿಕೊಳ್ಳುತ್ತಿದ್ದರು. ಹೊಸ ಕಾರು ಕೊಳ್ಳುವವನಿಗೆ ಒಡಲಿನ ಆಕಾರ, ಬಣ್ಣ ಮತ್ತು ಆಸನಗಳನ್ನು ಆರಿಸುವ ಸ್ವಾತಂತ್ರ್ಯವಿತ್ತು. ಅದಕ್ಕಿಂತ ಮುಖ್ಯವಾಗಿ ಕಾರ್ಖಾನೆಯ ಆರೈಕೆ ದೊರೆಯುತ್ತಿತ್ತು. ಮೋಲ್ಸೈಮ್‌ಗೆ ಬರುವ ಗ್ರಾಹಕರು ತಂಗಲು ಬುಗಾಟಿಯವರು ಪುರ್ ಸಾಂಗ್ ಹೆಸರಿನ ವಸತಿಗೃಹವನ್ನೂ ನಡೆಸುತ್ತಿದ್ದರು.

ಗ್ರಾಹಕರ ದೂರುಗಳನ್ನು ಅವರು ಸುಲಭವಾಗಿ ಒಪ್ಪುತ್ತಿರಲಿಲ್ಲ ಎಂಬುದಕ್ಕೆ ಹಲವು ಕಥೆಗಳು ಪ್ರಚಲಿತವಾಗಿವೆ. ಚಳಿಗಾಲದ ಬೆಳಗ್ಗೆ ಕಾರು ಚಾಲೂ ಆಗುವುದಿಲ್ಲವೆಂದು ಆಕ್ಷೇಪಿಸಿದ ಗ್ರಾಹಕನಿಗೆ, ಇಂತಹ ಕಾರು ಕೊಳ್ಳುವವನು ಬೆಚ್ಚಗಿನ ಗ್ಯಾರೇಜನ್ನೂ ಇಟ್ಟುಕೊಂಡಿರಬೇಕೆಂದು ಉತ್ತರ ಕಳುಹಿಸಿದರಂತೆ. ಕಥೆ ಹೇಗೇ ಇರಲಿ, ಬುಗಾಟಿ ಕಾರಿನ ಬೆಲೆ ಖರೀದಿಯ ದಿನಕ್ಕೆ ಮುಗಿಯುತ್ತಿರಲಿಲ್ಲ ಎಂಬುದು ಸತ್ಯ. ಟೈಪ್ 35ರ ಕ್ರ್ಯಾಂಕ್‌ಶಾಫ್ಟ್ ಹಲವು ತುಂಡುಗಳನ್ನು ಜೋಡಿಸಿ ಮಾಡಿದ್ದು, ಬಾಲ್ ಮತ್ತು ರೋಲರ್ ಬೇರಿಂಗುಗಳ ಮೇಲೆ ತಿರುಗುತ್ತಿತ್ತು. ಕಾಲಕಾಲಕ್ಕೆ ಅದನ್ನು ಸಂಪೂರ್ಣವಾಗಿ ಬಿಚ್ಚಿ ಮರುಜೋಡಿಸಬೇಕಾಗಿತ್ತು. ಆ ಕೆಲಸ ಎಲ್ಲ ಮೆಕ್ಯಾನಿಕ್ಕುಗಳಿಗೂ ಬರುವಂಥದಲ್ಲ. ಪಂದ್ಯಗಳಲ್ಲಿ ದಣಿದ ಕಾರನ್ನು ಅಗ್ಗವೆಂದು ಎರಡನೆಯ ಕೈಯಲ್ಲಿ ಕೊಂಡವನು ಉಳಿಸಿದ ಹಣವನ್ನು ರಿಪೇರಿಗೆ ಸುರಿಯಬೇಕಾದ ಸಂಭವವಿತ್ತು.

ಹೊಸ ಕಾರನ್ನೇ ಬಯಸಿ ಪೂರ್ತಿ ಬೆಲೆ ತೆರಲಾರದವರಿಗಾಗಿ ಸರಳ ಎಂಜಿನ್ ಮತ್ತು ತಂತಿ ಗಾಲಿಗಳ ಟೈಪ್ 35ಎ ಮಾದರಿಯನ್ನು ತರಲಾಯಿತು. ನೋಡಲು ಪಂದ್ಯದ ಕಾರಿನಂತೆಯೇ ಇದ್ದ ಇದನ್ನು ಜನರು ಕೃತಕ ಮುತ್ತುಗಳಿಗೆ ಹೆಸರಾಗಿದ್ದ ಟೆಕ್ಲಾ ಎಂಬ ಅಂಗಡಿಯ ಹೆಸರಿನಿಂದ ಹಾಸ್ಯವಾಗಿ ಕರೆದರು. 1927ರಲ್ಲಿ ಬಂದ ಟೈಪ್ 43, ಪಂದ್ಯದ ಕಾರಿನ ಎಂಜಿನ್ನನ್ನು ರಸ್ತೆಯ ಕಾರಿನಲ್ಲಿ ಅಳವಡಿಸಿದ ಮಾದರಿ. ಗಂಟೆಗೆ 160 ಕಿಲೋಮೀಟರಿಗೂ ಮಿಕ್ಕಿ ಓಡಬಲ್ಲ ಇದು ಅಂದಿನ ಐಷಾರಾಮಿ ಕ್ರೀಡಾ ಕಾರುಗಳಲ್ಲಿ ಅಗ್ರಗಣ್ಯವಾಗಿತ್ತು.

ಕಾರ್ಖಾನೆಯ ತಂಡ ಬಳಸಿ ಬಿಟ್ಟ ಕಾರುಗಳೂ ಮಾರಾಟವಾಗುತ್ತಿದ್ದವು. 1934ರ ಪಂದ್ಯಗಳು ಮುಗಿದ ಮೇಲೆ ನಾಲ್ಕು ಟೈಪ್ 59 ಕಾರುಗಳು ಬ್ರಿಟನ್ನಿನ ಚಾಲಕರ ಪಾಲಾದವು. ಇದೇ ಮಾದರಿಯ ಇನ್ನೊಂದು ಕಾರಿನಿಂದ ಸೂಪರ್‌ಚಾರ್ಜರನ್ನು ತೆಗೆದು ರಸ್ತೆ ಪಂದ್ಯಗಳಿಗೆ ಮಾರ್ಪಡಿಸಲಾಯಿತು. ಅದನ್ನು 1938ರಲ್ಲಿ ಬೆಲ್ಜಿಯಂನ ದೊರೆ ಮೂರನೆಯ ಲಿಯೋಪೋಲ್ಡ್ ಕೊಂಡರು. ಅರಸನೂ ಬಳಸಿದ ಕಾರನ್ನು ಕೊಳ್ಳಲು ಹಿಂಜರಿಯಲಿಲ್ಲ ಎಂಬುದು ಗಮನಾರ್ಹ.

ಬುಗಾಟಿಯವರು ಸ್ವತಃ ಬಳಸಿದ ಕಾರುಗಳನ್ನು ಪಡೆದು ಲಾಭ ಗಳಿಸಿದ ಪ್ರಸಂಗವೂ ಉಂಟು. 1929ರಲ್ಲಿ ಅಮೆರಿಕದ ಚಾಲಕ ಲಿಯೋನ್ ದ್ಯುರೇ ಎರಡು ಮಿಲ್ಲರ್ ಪಂದ್ಯ ಕಾರುಗಳೊಂದಿಗೆ ಯುರೋಪಿಗೆ ಬಂದಿದ್ದರು. ಬುಗಾಟಿಯವರು ಮೂರು ಹೊಸ ಟೈಪ್ 43 ಕಾರುಗಳನ್ನು ಕೊಟ್ಟು ಆ ಎರಡು ಹಳೆಯ ಕಾರುಗಳನ್ನು ಪಡೆದರು. ಅವುಗಳ ಎಂಜಿನ್ನನ್ನು ಬಿಚ್ಚಿ ಅಭ್ಯಾಸ ಮಾಡಿದ್ದರ ಫಲವಾಗಿ, ಎರಡು ಕ್ಯಾಮ್‌ಶಾಫ್ಟುಗಳಿರುವ ಟೈಪ್ 50 ಮತ್ತು ಟೈಪ್ 51 ಕಾರುಗಳ ಎಂಜಿನ್ನುಗಳು ರೂಪುಗೊಂಡವು. ಆ ಮಿಲ್ಲರ್ ಕಾರುಗಳು ಮೋಲ್ಸೈಮ್‌ನಲ್ಲಿಯೇ ಉಳಿದಿದ್ದು 1959ರಲ್ಲಿ ಅಮೆರಿಕದ ಲೇಖಕ ಗ್ರಿಫಿತ್ ಬೋರ್ಗೆಸನ್ ಅವರ ಕೈಸೇರಿದವು.

ರೊಯಾಲ್

ಅರಸರು ಮತ್ತು ಅತಿ ಶ್ರೀಮಂತರಿಗಾಗಿಯೇ ಬುಗಾಟಿಯವರು ರೂಪಿಸಿದ ಕಾರು ಟೈಪ್ 41. ಇದು ರೊಯಾಲ್ ಎಂಬ ಹೆಸರಿನಿಂದ ಪ್ರಸಿದ್ಧ. ಸುಮಾರು 6.4 ಮೀಟರ್ ಉದ್ದ, ಮೂರು ಟನ್ನಿಗೂ ಹೆಚ್ಚು ತೂಕ, 12.7 ಲೀಟರಿನ ಎಂಜಿನ್ ಇದ್ದ ಈ ಕಾರಿನ ರೇಡಿಯೇಟರಿನ ಮೇಲೆ, ತೀರಿಹೋದ ತಮ್ಮ ರೆಂಬ್ರಾಂಟ್ ರಚಿಸಿದ್ದ ಆನೆಯ ಶಿಲ್ಪವನ್ನು ಅಣ್ಣ ನಿಲ್ಲಿಸಿದರು. 25 ಕಾರುಗಳನ್ನು ತಯಾರಿಸುವ ಯೋಜನೆಯಿತ್ತು.

ಆದರೆ ಕಾಲ ಅನುಕೂಲವಾಗಿರಲಿಲ್ಲ. 1929ರ ಅನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ಶ್ರೀಮಂತರೂ ಕೈ ಬಿಗಿಹಿಡಿದರು. ಕೊಳ್ಳುವರೆಂದು ನಿರೀಕ್ಷಿಸಿದ್ದ ಸ್ಪೇನಿನ ದೊರೆ ಹದಿಮೂರನೆಯ ಅಲ್ಫಾನ್ಸೊ 1931ರಲ್ಲಿ ಸಿಂಹಾಸನ ಕಳೆದುಕೊಂಡರು. ಕೊನೆಗೆ ತಯಾರಾದ ಆರು ಕಾರುಗಳಲ್ಲಿ ಹೊಸದಾಗಿ ಮಾರಾಟವಾದವು ಮೂರು ಮಾತ್ರ. ಫ್ರಾನ್ಸಿನ ಬಟ್ಟೆ ಉದ್ಯಮಿ ಅರ್ಮಾನ್ ಎಸ್ಡರ್ಸ್, ಜರ್ಮನಿಯ ವೈದ್ಯ ಜೋಸೆಫ್ ಫುಕ್ಸ್ ಮತ್ತು ಇಂಗ್ಲೆಂಡಿನ ಕ್ಯಾಪ್ಟನ್ ಕತ್‌ಬರ್ಟ್ ಫಾಸ್ಟರ್ ಅವುಗಳನ್ನು ಕೊಂಡರು. ಎಸ್ಡರ್ಸ್ ರಾತ್ರಿ ಕಾರು ಓಡಿಸುವವರಲ್ಲವಾದ್ದರಿಂದ ಅವರ ಕಾರಿಗೆ ಹೆಡ್‌ಲೈಟುಗಳನ್ನೇ ಅಳವಡಿಸಲಿಲ್ಲ. ಯಾವ ಅರಸನೂ ರೊಯಾಲ್ ಕಾರಿನ ಒಡೆಯನಾಗಲಿಲ್ಲ. ಉಳಿದ ಮೂರು ಕಾರುಗಳು ಬುಗಾಟಿ ಕುಟುಂಬದಲ್ಲಿಯೇ ಉಳಿದವು.

ಉಳಿದುಹೋದ ಎಂಜಿನ್ನುಗಳಿಗೆ ಬುಗಾಟಿಯವರು ಬೇರೊಂದು ಉಪಯೋಗ ಕಂಡುಕೊಂಡರು. ಒಂದು ಬಂಡಿಗೆ ಎರಡು ಅಥವಾ ನಾಲ್ಕರಂತೆ ಅವುಗಳನ್ನು ಅಳವಡಿಸಿದ ವೇಗದ ರೈಲುಬಂಡಿಗಳು 1933ರಿಂದ ಫ್ರಾನ್ಸಿನಲ್ಲಿ ಓಡತೊಡಗಿದವು. 1934ರಲ್ಲಿ ಇಂತಹ ಬಂಡಿಯೊಂದು ಗಂಟೆಗೆ 196 ಕಿಲೋಮೀಟರ್ ವೇಗದ ದಾಖಲೆ ಮಾಡಿತು. ಅರಸರ ಕಾರಿನ ಎಂಜಿನ್ ಸಾಮಾನ್ಯ ಪ್ರಯಾಣಿಕರನ್ನು ಹೊತ್ತು ಕಾರ್ಖಾನೆಯನ್ನು ಉಳಿಸಿತು.

ಜ್ಯಾಂ ಬುಗಾಟಿ ಮತ್ತು ಕೊನೆಯ ವರ್ಷಗಳು

1909ರಲ್ಲಿ ಜನಿಸಿದ ಹಿರಿಯ ಮಗ ಜ್ಯಾಂ ಬುಗಾಟಿ ತಂದೆಯ ಪ್ರತಿಭೆಯನ್ನು ಪಡೆದಿದ್ದರು. 1934ರಲ್ಲಿ ಬಂದ ಟೈಪ್ 57 ಕಾರಿನ ಹಿಂದೆ ಇವರ ಕಲ್ಪನೆಯಿತ್ತು. 1936ರ ಕಾರ್ಮಿಕ ಮುಷ್ಕರದಿಂದ ನೊಂದ ಎಟೊರೆಯವರು ಹೆಚ್ಚಾಗಿ ಪ್ಯಾರಿಸ್ಸಿನಲ್ಲಿಯೇ ನೆಲೆಸಿದಾಗ ಕಾರ್ಖಾನೆಯ ಹೊಣೆ ಜ್ಯಾಂ ಅವರ ಮೇಲೆ ಬಿದ್ದಿತು. ಲೆ ಮಾನ್ಸ್‌ನ 24 ಗಂಟೆಗಳ ಪಂದ್ಯವನ್ನು ಬುಗಾಟಿ ಕಾರುಗಳು 1937 ಮತ್ತು 1939ರಲ್ಲಿ ಗೆದ್ದವು. 1939ರ ಆಗಸ್ಟ್ 11ರಂದು, ಆ ವರ್ಷ ಗೆದ್ದ ಕಾರನ್ನೇ ಮೋಲ್ಸೈಮ್ ಸಮೀಪದ ರಸ್ತೆಯಲ್ಲಿ ಪರೀಕ್ಷಿಸುತ್ತಿದ್ದಾಗ ಜ್ಯಾಂ ಸೈಕಲ್ ಸವಾರನೊಬ್ಬನನ್ನು ತಪ್ಪಿಸಲು ಹೋಗಿ ಮರಕ್ಕೆ ಢಿಕ್ಕಿ ಹೊಡೆದು ಮೃತಪಟ್ಟರು. ಆಗ ಅವರಿಗೆ ಮೂವತ್ತು ವರ್ಷ.

ಮುಂದಿನ ತಿಂಗಳೇ ದ್ವಿತೀಯ ಮಹಾಯುದ್ಧ ಆರಂಭವಾಯಿತು. ಜರ್ಮನ್ ಆಕ್ರಮಣದ ಕಾಲದಲ್ಲಿ ಬುಗಾಟಿಯವರು ಕಾರ್ಖಾನೆಯನ್ನು ಮಾರಲೇಬೇಕಾಯಿತು. ಕುಟುಂಬದಲ್ಲಿದ್ದ ರೊಯಾಲ್ ಕಾರುಗಳನ್ನು ಎರ್ಮೆನೊನ್ವಿಲ್‌ನ ತಮ್ಮ ಬಂಗಲೆಯಲ್ಲಿ ಗೋಡೆ ಕಟ್ಟಿ ಅಡಗಿಸಿಡಲಾಯಿತೆಂದು ಹೇಳಲಾಗುತ್ತದೆ. 1944ರಲ್ಲಿ ಪತ್ನಿ ಬಾರ್ಬರಾ ನಿಧನರಾದರು. ಯುದ್ಧಾನಂತರ ಕಾರ್ಖಾನೆಯನ್ನು ಫ್ರೆಂಚ್ ಸರ್ಕಾರ ವಶಪಡಿಸಿಕೊಂಡಿತು. 1946ರಲ್ಲಿ ಬುಗಾಟಿಯವರು ಫ್ರೆಂಚ್ ಪೌರತ್ವ ಪಡೆದರು ಮತ್ತು ಜೆನೆವೀವ್ ದೆಲ್ಕ್ಯೂಜ್ ಅವರನ್ನು ವಿವಾಹವಾದರು. 1947ರಲ್ಲಿ ನ್ಯಾಯಾಲಯದ ತೀರ್ಪಿನಿಂದ ಕಾರ್ಖಾನೆ ಮತ್ತೆ ಅವರದಾಯಿತು. ಆದರೆ ಆ ವೇಳೆಗೆ ಅವರು ತೀವ್ರ ಅನಾರೋಗ್ಯದಲ್ಲಿದ್ದರು. 1947ರ ಆಗಸ್ಟ್ 21ರಂದು ಪ್ಯಾರಿಸ್ ಸಮೀಪದ ನ್ಯೂಯಿಯಲ್ಲಿ ನಿಧನರಾದರು. ಅವರ ಸಮಾಧಿ ಮೋಲ್ಸೈಮ್ ಪಕ್ಕದ ಡೋರ್ಲಿಸೈಮ್‌ನಲ್ಲಿದೆ.

ಮರಣಾನಂತರ ಹಳೆಯ ಕಾರುಗಳ ಮೌಲ್ಯ

ಬುಗಾಟಿಯವರ ನಿಧನದ ಸುಮಾರಿಗೆ ಅವರ ಕಾರುಗಳು ಹೆಚ್ಚಿನವರ ಕಣ್ಣಿಗೆ ಹಳೆಯ ವಾಹನಗಳಾಗಿದ್ದವು. ಡಾ. ಫುಕ್ಸ್ ಅವರ ರೊಯಾಲ್ ಕಾರು ಅಮೆರಿಕ ಸೇರಿ, ಎಂಜಿನ್ನಿನಲ್ಲಿದ್ದ ನೀರು ಹೆಪ್ಪುಗಟ್ಟಿ ಬಿರುಕುಬಿಟ್ಟ ಸ್ಥಿತಿಯಲ್ಲಿ ನ್ಯೂಯಾರ್ಕಿನ ಗುಜರಿ ಅಂಗಡಿಯಲ್ಲಿ ಬಿದ್ದಿತ್ತು. ಜನರಲ್ ಮೋಟಾರ್ಸ್ ಸಂಸ್ಥೆಯ ಎಂಜಿನಿಯರ್ ಚಾರ್ಲ್ಸ್ ಚೇಯ್ನ್ ಅದನ್ನು ಸುಮಾರು 400 ಡಾಲರಿಗೆ ಕೊಂಡು ದುರಸ್ತಿ ಮಾಡಿಸಿದರು. ಈಗ ಅದು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. 1950ರಲ್ಲಿ ಅಮೆರಿಕದ ಕ್ರೀಡಾಪಟು ಬ್ರಿಗ್ಸ್ ಕನಿಂಗ್‌ಹ್ಯಾಮ್ ಎರಡು ರೊಯಾಲ್ ಕಾರುಗಳನ್ನು ಕುಟುಂಬದಿಂದ ಪಡೆದರು. ಅವುಗಳಿಗೆ ಪ್ರತಿಯಾಗಿ ಅಲ್ಪ ಹಣದೊಂದಿಗೆ, ಯುದ್ಧಾನಂತರದ ಫ್ರಾನ್ಸಿನಲ್ಲಿ ಸುಲಭವಾಗಿ ಸಿಗದ ರೆಫ್ರಿಜರೇಟರುಗಳನ್ನೂ ಕೊಟ್ಟರೆಂದು ಹೇಳಲಾಗುತ್ತದೆ. ಅವುಗಳಲ್ಲಿ ಒಂದಾದ ಕೆಲ್ನರ್ ಒಡಲಿನ ಕಾರು 1987ರಲ್ಲಿ ಲಂಡನ್ನಿನ ಹರಾಜಿನಲ್ಲಿ 55 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಹೊಸದಾಗಿದ್ದಾಗ ಗ್ರಾಹಕರೇ ಸಿಗದಿದ್ದ ಕಾರು ಇದು.

ಅಲ್ಸಾಸಿನ ಜವಳಿ ಉದ್ಯಮಿ ಫ್ರಿಟ್ಜ್ ಷ್ಲುಂಫ್ 1960ರ ದಶಕದಲ್ಲಿ ಬುಗಾಟಿ ಕಾರುಗಳನ್ನು ಬೃಹತ್ ಪ್ರಮಾಣದಲ್ಲಿ ಸಂಗ್ರಹಿಸಿದರು. 1964ರಲ್ಲಿ ಅಮೆರಿಕದ ಸಂಗ್ರಾಹಕರೊಬ್ಬರಿಂದ 30 ಬುಗಾಟಿಗಳನ್ನು ಒಟ್ಟಿಗೆ ಕೊಂಡರು. ಈ ಸಂಗ್ರಹ ಈಗ ಮುಲೂಸ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದು, ಅಲ್ಲಿ ಎರಡು ಮೂಲ ರೊಯಾಲ್ ಕಾರುಗಳನ್ನು ನೋಡಬಹುದು. 1929ರಲ್ಲಿಯೇ ಬ್ರಿಟನ್ನಿನಲ್ಲಿ ಆರಂಭವಾಗಿದ್ದ ಬುಗಾಟಿ ಮಾಲೀಕರ ಸಂಘವು ಹಳೆಯ ಕಾರುಗಳ ಮೇಲಿನ ಆಸಕ್ತಿಯನ್ನು ಉಳಿಸಿಕೊಂಡು ಬಂದಿತು.

ಹಳೆಯ ಬುಗಾಟಿಯ ಬೆಲೆಯನ್ನು ನಿರ್ಧರಿಸುವುದು ಅದರ ಹೊಳಪಲ್ಲ, ಅದರ ನೈಜತೆ. ಚಾಸಿಯ ಸಂಖ್ಯೆ, ಎಂಜಿನ್ನಿನ ಸಂಖ್ಯೆ, ಮೂಲ ಒಡಲು ಮತ್ತು ಹಿಂದಿನ ಮಾಲೀಕರ ದಾಖಲೆಗಳು ಒಂದಕ್ಕೊಂದು ಹೊಂದಬೇಕು. 1937ರಲ್ಲಿ ಬ್ರಿಟನ್ನಿನ ಅರ್ಲ್ ಹೋ ಹೊಸದಾಗಿ ಕೊಂಡಿದ್ದ ಟೈಪ್ 57ಎಸ್ ಕಾರನ್ನು 1955ರಲ್ಲಿ ವೈದ್ಯರೊಬ್ಬರು ಖರೀದಿಸಿ, ಕೆಲವು ವರ್ಷಗಳ ಬಳಿಕ ತಮ್ಮ ಗ್ಯಾರೇಜಿನಲ್ಲಿ ನಿಲ್ಲಿಸಿದರು. ಅವರ ಮರಣಾನಂತರ ಧೂಳು ಹಿಡಿದ ಸ್ಥಿತಿಯಲ್ಲಿ ಬೆಳಕಿಗೆ ಬಂದ ಆ ಕಾರು 2009ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಸುಮಾರು 34 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಸ್ವಿಟ್ಜರ್‌ಲೆಂಡಿನ ಮಜ್ಜೋರೆ ಸರೋವರದ ತಳದಲ್ಲಿ ದಶಕಗಳ ಕಾಲ ಮುಳುಗಿದ್ದು 2009ರಲ್ಲಿ ಮೇಲೆತ್ತಲಾದ 1925ರ ಬ್ರೆಶಿಯಾ ಕಾರು, ಓಡುವ ಸ್ಥಿತಿಯಲ್ಲಿಲ್ಲದಿದ್ದರೂ, ಮರುವರ್ಷ 2,60,500 ಯೂರೋಗಳನ್ನು ಗಳಿಸಿತು. ದೊರೆ ಲಿಯೋಪೋಲ್ಡ್ ಕೊಂಡಿದ್ದ ಟೈಪ್ 59 ಕಾರು 2024ರಲ್ಲಿ ಅಮೆರಿಕದ ಪೆಬಲ್ ಬೀಚ್ ಪ್ರದರ್ಶನದಲ್ಲಿ ಸರ್ವೋತ್ತಮ ಕಾರೆಂಬ ಪ್ರಶಸ್ತಿ ಪಡೆಯಿತು. ಪುನರುಜ್ಜೀವನಗೊಳಿಸದೆ ಇದ್ದಂತೆಯೇ ಸಂರಕ್ಷಿಸಿದ ಕಾರೊಂದಕ್ಕೆ ಅಲ್ಲಿ ಈ ಗೌರವ ದೊರೆತದ್ದು ಅದೇ ಮೊದಲು. ಇನ್ನೊಂದೆಡೆ ಅರ್ಜೆಂಟೀನಾದ ಕಾರ್ಖಾನೆಯೊಂದು ಟೈಪ್ 35ರ ಹೊಸ ಪ್ರತಿಗಳನ್ನು ತಯಾರಿಸುತ್ತಿದೆ. ಅವು ಮೂಲದಂತೆಯೇ ಓಡಿದರೂ ಮೂಲದ ಬೆಲೆಯನ್ನು ಮುಟ್ಟುವುದಿಲ್ಲ.

ಪರಂಪರೆ

ಬುಗಾಟಿಯವರ ಬಳಿಕ ಸಂಸ್ಥೆ ಹಿಂದಿನ ವೈಭವಕ್ಕೆ ಮರಳಲಿಲ್ಲ. 1963ರಲ್ಲಿ ಅದು ಹಿಸ್ಪಾನೊ-ಸುಯಿಜಾ ಸಂಸ್ಥೆಗೆ ಮಾರಾಟವಾಯಿತು. 1987ರಲ್ಲಿ ಇಟಲಿಯ ರೊಮಾನೊ ಆರ್ಟಿಯೋಲಿ ಬುಗಾಟಿ ಹೆಸರಿನ ಹಕ್ಕನ್ನು ಪಡೆದು, ಎಟೊರೆಯವರ 110ನೆಯ ಜನ್ಮದಿನವಾದ 15 ಸೆಪ್ಟೆಂಬರ್ 1991ರಂದು ಇಬಿ110 ಕಾರನ್ನು ಬಿಡುಗಡೆ ಮಾಡಿದರು. 1998ರಲ್ಲಿ ಹಕ್ಕು ಫೋಕ್ಸ್‌ವ್ಯಾಗನ್ ಸಮೂಹಕ್ಕೆ ಸೇರಿತು. 2005ರಿಂದ ಮೋಲ್ಸೈಮ್‌ನಲ್ಲಿ ವೇರಾನ್ ಮಾದರಿಯ ಜೋಡಣೆ ಆರಂಭವಾಯಿತು. 1939ರ ಲೆ ಮಾನ್ಸ್ ಪಂದ್ಯವನ್ನು ಗೆದ್ದ ಚಾಲಕರಲ್ಲಿ ಒಬ್ಬರಾದ ಪಿಯೇರ್ ವೇರಾನ್ ಅವರ ಹೆಸರನ್ನು ಈ ಕಾರಿಗೆ ಇಡಲಾಗಿದೆ. ಕುದುರೆಲಾಳದ ಆಕೃತಿ ಮತ್ತು ಎಟೊರೆ ಬುಗಾಟಿಯವರ ಹೆಸರಿನ ಮೊದಲಕ್ಷರಗಳ ಕೆಂಪು ಲಾಂಛನ ಇಂದಿಗೂ ಆ ಸಂಸ್ಥೆಯ ಕಾರುಗಳ ಮುಂಭಾಗದಲ್ಲಿವೆ.